ಹದಿನೇಳನೇ ಚೀಟಿಯ ಗಂಟು

2022ರಲ್ಲಿ ನಾನು ಹಿರಿಯೂರಿನಲ್ಲಿ ನೇತ್ರಾಧಿಕಾರಿಯಾಗಿ ನಿವೃತ್ತನಾದೆ. ಹುದ್ದೆಯ ಹೆಸರು ಕೇಳಿದರೆ ತಾಲ್ಲೂಕಿನ ಸಮಸ್ತ ಕಣ್ಣುಗಳ ಮೇಲೆ ಅಧಿಕಾರ ನಡೆಸಿದವನಂತೆ ತೋರುತ್ತದೆ. ನಿಜವೇನೆಂದರೆ ನೇತ್ರಾಧಿಕಾರಿ ಕಣ್ಣಿನ ಡಾಕ್ಟರಲ್ಲ. ದೃಷ್ಟಿ ಪರೀಕ್ಷಿಸಿ, ಕನ್ನಡಕದ ನಂಬರು ಬರೆದು, ಪೊರೆ ಬಂದವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಶಸ್ತ್ರಚಿಕಿತ್ಸೆಗೆ ಬೇಕಾದ ಅಳತೆ ತೆಗೆದು ಡಾಕ್ಟರ ಮುಂದೆ ಕೂರಿಸುವವನು. ಮದುವೆಯಲ್ಲಿ ಪುರೋಹಿತರು ಮಂತ್ರ ಹೇಳುತ್ತಾರೆ. ಹಸೆಮಣೆಯ ಮೇಲೆ ಕೂತಿರುವವನು ಅದೇ ಗಂಡು ಹೌದೋ ಅಲ್ಲವೋ ಎಂದು ನೋಡಲು ಇನ್ನೊಬ್ಬ ಬೇಕಲ್ಲ, ನಾನು ಆ ಇನ್ನೊಬ್ಬ.

ಈ ಕೆಲಸ ನನಗೆ ಸಂಬಳದ ಜೊತೆಗೆ ಕೊಟ್ಟದ್ದು ಅನುಮಾನದ ಸ್ವಭಾವ. ಅದರ ಮೂಲಪುರುಷನ ಹೆಸರು ತಿಪ್ಪೇಸ್ವಾಮಿ. ನಮ್ಮ ಜಿಲ್ಲೆಯ ಯಾವುದೇ ಕಣ್ಣಿನ ಶಿಬಿರದ ಅಂಗಳದಲ್ಲಿ ನಿಂತು ‘ತಿಪ್ಪೇಸ್ವಾಮಿ’ ಎಂದು ಕೂಗಿ ನೋಡಿ: ಆರು ಜನ ಎದ್ದು ನಿಲ್ಲುತ್ತಾರೆ, ಏಳನೆಯವನು ಹೊರಗೆ ಬೀಡಿ ಸೇದುತ್ತಿರುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಂಥ ಒಬ್ಬರನ್ನು ಕೂರಿಸಿಕೊಂಡು, ಕೈಯಲ್ಲಿದ್ದ ಚೀಟಿ ಇನ್ನೊಬ್ಬ ತಿಪ್ಪೇಸ್ವಾಮಿಯದೆಂದು ತಿಳಿಯದೆ, ‘ತಿಪ್ಪೇಸ್ವಾಮಿ, ಎಡಗಣ್ಣು ಅಲ್ವೇನ್ರಿ?’ ಎಂದೆ. ‘ಹೂಂ’ ಎಂದರು. ಎಡಗಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿದೆ. ಡಾಕ್ಟರು ಬಂದು ಟಾರ್ಚ್ ಬಿಟ್ಟರೆ ಎಡಗಣ್ಣು ತಿಳಿನೀರಿನ ಹಾಗಿದೆ, ಬಲಗಣ್ಣಿನಲ್ಲಿ ಮಜ್ಜಿಗೆ ಚೆಲ್ಲಿದಂತೆ ಪೊರೆ.

‘ಯಾಕ್ರೀ ಯಜಮಾನ್ರೆ, ಹೂಂ ಅಂದ್ರಲ್ಲ?’ ಎಂದೆ.

‘ನೀವು ಓದಿದೋರು ಸಾ. ನೀವು ಎಡ ಅಂದ್ಮ್ಯಾಲೆ ನಾನು ಬಲ ಅನ್ನಾಕಾಗ್ತೈತಾ?’

ಪುಣ್ಯಕ್ಕೆ ಹನಿಯ ಹಂತದಲ್ಲೇ ನಿಂತಿತು. ಅಂದು ಎರಡು ವ್ರತ ಹಿಡಿದೆ. ಒಂದು, ‘ಹೂಂ’ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನು ರೋಗಿಗೆ ಕೇಳಬಾರದು. ಹೆಸರೇನು, ತಂದೆ ಹೆಸರೇನು, ಯಾವ ಕಣ್ಣು ಬೆರಳಿಟ್ಟು ತೋರಿಸಿ, ಈ ಮೂರೇ. ಎರಡು, ಆ ಮೂರಕ್ಕೆ ಬಂದ ಉತ್ತರವನ್ನೂ ನಂಬಬಾರದು. ಮೂವತ್ತನಾಲ್ಕು ವರ್ಷ ಈ ವ್ರತ ಭಂಗವಾಗಲಿಲ್ಲ. ಮನೆಯಲ್ಲಿ ಕಾಫಿ ಕೈಗೆ ಬಂದರೂ ‘ಇದು ಯಾರದು?’ ಎಂದು ಕೇಳುವ ಮಟ್ಟಕ್ಕೆ ಬಂದಿದ್ದೆ. ನನ್ನ ಹೆಂಡತಿ ಗಿರಿಜ ಒಮ್ಮೆ, ‘ತಿಪ್ಪೇಸ್ವಾಮೀದು, ಕುಡೀರಿ’ ಎಂದಳು.

ನಿವೃತ್ತಿಯ ಮರುವರ್ಷ ಡಾಕ್ಟರ್ ನಾಗವೇಣಿಯವರ ಫೋನು ಬಂತು. ಹೊಸದುರ್ಗದ ಹೆಣ್ಣುಮಗಳು, ಚಿತ್ರದುರ್ಗದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸಕಿ. ನನಗಿಂತ ಹದಿನೆಂಟು ವರ್ಷ ಚಿಕ್ಕವರು, ಕೈ ಬಹಳ ಹಗುರ.

‘ಮೂರ್ತಿಯವ್ರೆ, ಆಫ್ರಿಕಾಕ್ಕೆ ಹೋಗಾಣ ಬರ್ರಿ’ ಎಂದರು. ಸಿರಿಗೆರೆಗೆ ಹೋಗಿ ಸಂಜೆ ಬಸ್ಸಿಗೆ ವಾಪಸು ಬರೋಣ ಎನ್ನುವ ಧಾಟಿ.

ಒಂದು ಸೇವಾ ಸಂಸ್ಥೆಯವರು ಟಾಂಜಾನಿಯಾದಲ್ಲಿ ಹತ್ತು ದಿನದ ಪೊರೆ ಶಸ್ತ್ರಚಿಕಿತ್ಸಾ ಶಿಬಿರ ಇಟ್ಟುಕೊಂಡಿದ್ದರು. ಸಂಬಳವಿಲ್ಲ, ಹೋಗಿಬರುವ ವ್ಯವಸ್ಥೆ ಅವರದು. ನನಗೆ ಅನುಮಾನ ಬಂತೆಂದು ಬೇರೆ ಹೇಳಬೇಕಿಲ್ಲ. ಅಷ್ಟು ದೂರ ಯಾರು ಯಾರನ್ನು ಸುಮ್ಮನೆ ಕರೆದೊಯ್ಯುತ್ತಾರೆ? ಕರೆದೊಯ್ದರೂ ಅರವತ್ತೊಂದರ ಮುದುಕನನ್ನೇಕೆ? ಬೀದಿಯವರಿಗೆ ನನಗಿಂತ ಹೆಚ್ಚು ಅನುಮಾನವಿತ್ತು. ಎದುರುಮನೆಯಾತ ಬಂದು, ‘ಅಣ್ಣಾ, ಹೋಗೋ ಮುಂಚೆ ಕಿಡ್ನಿ ಎಣಿಸ್ಕಳ್ರಿ, ಬಂದ್ಮ್ಯಾಲೆ ಇನ್ನೊಂದ್ಸಲ ಎಣಿಸ್ಕಳ್ರಿ’ ಎಂದು ಹಿತವಚನ ಹೇಳಿದ. ಗಿರಿಜಳ ಆಕ್ಷೇಪಣೆ ವೃತ್ತಿಪರವಾಗಿತ್ತು: ‘ಸಂತೆಗೆ ಕಳ್ಸಿದ್ರೆ ಕೊತ್ತಂಬ್ರಿ ಬದ್ಲು ಮೆಂತ್ಯ ತರೋರು, ಅಲ್ಲಿ ಹೋಗಿ ಏನು ನೋಡ್ತೀರಿ?’ ಅಳತೆಯ ಕೆಲಸಕ್ಕೆ ನೀವೇ ಬೇಕು ಎಂದು ಡಾಕ್ಟರು ಎರಡನೇ ಸಲ ಹೇಳಿದ ಮೇಲೆ ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಲಸಿಕೆ ಚುಚ್ಚಿಸಿಕೊಂಡೆ. ಚುಚ್ಚುವ ಮೊದಲು ಸೀಸೆಯ ಅವಧಿ ದಿನಾಂಕ ಓದಿ ನೋಡಿದೆ. ಸರಿಯಿತ್ತು. ಅದೇ ಅನುಮಾನ ಹುಟ್ಟಿಸಿತು.

ಚಿತ್ರದುರ್ಗದಿಂದ ಹೊರಟವರು ಮೂವರು: ಡಾಕ್ಟರು, ನಾನು ಮತ್ತು ಆಪರೇಷನ್ ಥಿಯೇಟರಿನ ನರ್ಸ್ ಶಾಹಿನಾ. ಶಾಹಿನಾ ಚಿತ್ರದುರ್ಗದ ಹಳೆಯ ಅತ್ತರು ವ್ಯಾಪಾರಿಗಳ ಮನೆಯವರು, ಕನ್ನಡವನ್ನೂ ಉರ್ದುವನ್ನೂ ಒಂದೇ ಉಸಿರಿನಲ್ಲಿ ಮಾತಾಡುವವರು. ಅಲ್ಲಿ ಇಳಿದ ಅರ್ಧ ದಿನದಲ್ಲಿ, ಆ ಜನರ ಸ್ವಾಹಿಲಿ ಭಾಷೆಯಲ್ಲೂ ಔಷಧಿಗೆ ‘ದಾವಾ’, ಸೋಪಿಗೆ ‘ಸಾಬುನಿ’ ಎನ್ನುತ್ತಾರೆಂದು ಕಂಡುಹಿಡಿದು, ತಮ್ಮ ತವರಿಗೆ ಬಂದವರಂತೆ ಓಡಾಡತೊಡಗಿದರು.

ಶಿಬಿರ ನಡೆದದ್ದು ಡೊಡೊಮಾ ಕಡೆಯ ಒಂದು ಸಣ್ಣ ಊರಿನ ದವಾಖಾನೆಯಲ್ಲಿ. ವಾಹನದಿಂದ ಇಳಿದು ತಲೆಯೆತ್ತಿದೆ. ಬಂಡೆ. ಬಂಡೆಯ ಮೇಲೆ ಬಂಡೆ. ಕೆಳಗೆ ಜಾಲಿ, ಕೆಂಪು ಮಣ್ಣು, ಶೇಂಗಾ ಹೊಲ. ಎರಡು ವಿಮಾನ ಹತ್ತಿ, ಸಮುದ್ರ ದಾಟಿ, ಲಸಿಕೆ ಚುಚ್ಚಿಸಿಕೊಂಡು ನಾನು ಚಿತ್ರದುರ್ಗಕ್ಕೇ ಬಂದಿದ್ದೆ, ಕೋಟೆ ಒಂದಿರಲಿಲ್ಲ. ಮಧ್ಯಾಹ್ನ ತಟ್ಟೆಯಲ್ಲಿ ಬಿಳಿ ಮುದ್ದೆ ಬಂತು, ಮೆಕ್ಕೆಜೋಳದ್ದು. ‘ಮೋಸ ಹೋದ್ವಿ ಡಾಕ್ಟ್ರೆ, ಇದೇ ಊಟಕ್ಕೆ ಇಲ್ಲೀವರೆಗೂ ಬರಬೇಕಿತ್ತಾ?’ ಎಂದೆ. ‘ಸುಮ್ನೆ ಉಣ್ರಿ’ ಎಂದರು.

ದುಭಾಷಿಯಾಗಿ ನಮಗೆ ಸಿಕ್ಕವರು ಬಾರಾಕ ಎಂಬ ಶಾಲಾ ಮೇಷ್ಟ್ರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮಕ್ಕಳಿಗೆ ಪಾಠ ಹೇಳುವಷ್ಟು ನಿಧಾನವಾದ ಇಂಗ್ಲಿಷು. ಅಂಗಳದಲ್ಲಿ ಕೂತ ಪ್ರತಿ ಮುದುಕ ಮುದುಕಿಯ ಮುಂದೆಯೂ ಬಾಗಿ ‘ಶಿಕಾಮೂ’ ಎನ್ನುತ್ತಿದ್ದರು. ‘ನಿಮ್ಮ ಪಾದ ಹಿಡಿದೆ’ ಎಂದು ಅರ್ಥವಂತೆ. ಕಿರಿಯರು ಹಿರಿಯರಿಗೆ ಹೇಳಲೇಬೇಕಾದ ಮಾತು. ಅದಾದ ಮೇಲೆ ಬಗ್ಗಿ ಏನೋ ಪಿಸುಗುಡುತ್ತಿದ್ದರು, ಮುದುಕರು ತಲೆಯಾಡಿಸುತ್ತಿದ್ದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ‘ದುಭಾಷಿ. ಪಿಸುಮಾತು ಜಾಸ್ತಿ.’

ಅನುಮಾನ ಏಕಮುಖವಾಗಿರಲಿಲ್ಲ. ಯೋಹಾನಾ ಎಂಬ ಆಡು ಕಾಯುವ ಮುದುಕ ನಾನು ಕಣ್ಣಿಗೆ ಟಾರ್ಚ್ ಹಿಡಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡು ಏನೋ ಕೇಳಿದ. ಮೇಷ್ಟ್ರು ಅನುವಾದಿಸಲು ಹಿಂಜರಿದರು. ನಾನು ಬಿಡಲಿಲ್ಲ.

‘ನಿಮ್ಮ ಊರಿನಲ್ಲಿ ಕುರುಡರು ಮುಗಿದುಹೋದರೇ ಎಂದು ಕೇಳುತ್ತಿದ್ದಾರೆ’ ಎಂದರು.

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಹಿರಿಯೂರಿಗೆ ಯಾರಾದರೂ ಪರದೇಶದವರು ಬಂದು ನನ್ನ ಕಣ್ಣು ಬಿಡಿಸಿ ನೋಡಿದ್ದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ಅವನ ಇನ್ನೊಂದು ಕಣ್ಣಿಗೆ ಟಾರ್ಚ್ ಬಿಟ್ಟೆ.

ಮೊದಲ ದಿನದ ಕೆಲಸ ಅಳತೆ. ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಡಾಕ್ಟರು ಅದನ್ನು ತೆಗೆದು ಅಲ್ಲಿ ಪ್ಲಾಸ್ಟಿಕ್ಕಿನ ಲೆನ್ಸ್ ಕೂರಿಸುತ್ತಾರೆ. ಎಲ್ಲರಿಗೂ ಒಂದೇ ಲೆನ್ಸ್ ಆಗುವುದಿಲ್ಲ. ಕಣ್ಣುಗುಡ್ಡೆಯ ಉದ್ದವನ್ನು ಎ-ಸ್ಕ್ಯಾನ್ ಯಂತ್ರದಲ್ಲೂ ಮುಂಭಾಗದ ಬಾಗನ್ನು ಕೆರಟೋಮೀಟರಿನಲ್ಲೂ ಅಳೆದು, ಲೆಕ್ಕ ಹಾಕಿ, ಇವರಿಗೆ ಇಷ್ಟು ಪವರಿನದು ಎಂದು ಬರೆಯಬೇಕು. ಒಬ್ಬರಿಗೆ ಹದಿನೆಂಟು, ಪಕ್ಕದವರಿಗೆ ಇಪ್ಪತ್ತನಾಲ್ಕು. ಚಪ್ಪಲಿಯಾದರೆ ಕಚ್ಚಿದ ಮೇಲೆ ಬದಲಿಸಬಹುದು. ಇದು ಕಣ್ಣೊಳಗೆ ಕೂತರೆ ಕೂತಂತೆ. ತೆಗೆಯಬೇಕೆಂದರೆ ಮತ್ತೆ ಕೊಯ್ಯಬೇಕು.

ನಲವತ್ತಾರು ಜನರನ್ನು ಅಳೆದೆ. ಒಬ್ಬೊಬ್ಬರಿಗೂ ಒಂದು ರಟ್ಟಿನ ಚೀಟಿ: ಮೇಲೆ ದಪ್ಪಗೆ ಕ್ರಮಸಂಖ್ಯೆ, ಕೆಳಗೆ ಹೆಸರು, ಯಾವ ಕಣ್ಣು, ಲೆನ್ಸಿನ ಪವರ್. ಚೀಟಿಗೆ ದಾರ ಪೋಣಿಸಿ ಕೊರಳಿಗೆ ಕಟ್ಟುವುದು ನನ್ನ ಪದ್ಧತಿ. ನಮ್ಮ ತಾಯಿ ಹಿರಿಯೂರಿನ ಹೂವಿನ ಮಂಡಿಗೆ ಸೇವಂತಿಗೆ ಕಟ್ಟಿ ಕೊಡುತ್ತಿದ್ದರು. ಹೂವಿನ ಮಾಲೆ ಮುಗಿಸುವಾಗ ಹಾಕುವ ಮೂರು ಸುತ್ತಿನ ಕುಣಿಕೆ ಅವರಿಂದ ಬಂದದ್ದು. ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚುವುದಿಲ್ಲ. ಅದನ್ನು ಕತ್ತಿನ ಹಿಂದೆ, ಹೆಡಕಿನಲ್ಲಿ, ತಲೆಯ ಮೇಲಿಂದ ತೆಗೆಯಲಾಗದಷ್ಟು ಗಿಡ್ಡಕ್ಕೆ ಕಟ್ಟುತ್ತೇನೆ. ಕತ್ತರಿಸದ ಹೊರತು ಚೀಟಿ ಕೊರಳು ಬಿಡಬಾರದು. ಇಷ್ಟು ಸಾಲದೆಂದು ಟಿಪ್ಪಣಿ ಪುಸ್ತಕದಲ್ಲಿ ನಲವತ್ತಾರು ಜನರ ಹೆಸರು, ತಂದೆಯ ಹೆಸರು, ಕಣ್ಣು, ಪವರನ್ನೂ, ಪ್ರತಿಯೊಬ್ಬರ ಒಂದು ಗುರುತನ್ನೂ ಕನ್ನಡದಲ್ಲಿ ಇಳಿಸಿಕೊಂಡೆ.

‘ಸಾ, ಇವ್ರೇನು ಓಡಿ ಹೋಗ್ತಾರ?’ ಎಂದು ಶಾಹಿನಾ ನಕ್ಕರು.

‘ತಿಪ್ಪೇಸ್ವಾಮಿ ಗೊತ್ತಾ ನಿಮಗೆ?’ ಎಂದೆ.

‘ಯಾವ ತಿಪ್ಪೇಸ್ವಾಮಿ?’

‘ಅದೇ ನೋಡ್ರಿ ವಿಷಯ.’

ಅಂದು ಅಳೆದವರಲ್ಲಿ ಇಪ್ಪತ್ತಾರನೆಯವಳು ಮರಿಯಾಮು ಎಂಬ ಅಜ್ಜಿ. ಎಡಗಣ್ಣು ಪೂರ್ತಿ ಬಿಳಿ. ಹುಡುಗಿಯಾಗಿದ್ದಾಗ ಜಾಲಿ ಮುಳ್ಳು ಚುಚ್ಚಿ ಹೋದದ್ದು. ಉಳಿದದ್ದು ಬಲಗಣ್ಣೊಂದೇ, ಅದಕ್ಕೀಗ ಪೊರೆ. ಮನೆಯಲ್ಲಿ ಬಿತ್ತನೆಗೆ ಶೇಂಗಾ ಬೀಜ ಆರಿಸಿಡುವುದು ಅವಳ ಕೆಲಸವಾಗಿತ್ತು. ಹಿಂದಿನ ವರ್ಷ ಕಾಣದೆ ಬೆರಳಿನಲ್ಲೇ ತಡವಿ ಆರಿಸಿದಳಂತೆ, ಅರ್ಧ ಹೊಲ ಮೊಳೆಯಲಿಲ್ಲವಂತೆ, ಸೊಸೆ ಮೊರವನ್ನು ಅವಳ ಕೈಯಿಂದ ತೆಗೆದುಕೊಂಡುಬಿಟ್ಟಳಂತೆ. ಮೇಷ್ಟ್ರ ಮೂಲಕ ಅವಳು ಕೇಳಿದ್ದು ಒಂದೇ: ‘ಬೀಜ ಕಾಣುತ್ತದೆಯೇ?’ ಅವಳ ಬಲಗಣ್ಣಿಗೆ ಬಂದ ಪವರ್ ಇಪ್ಪತ್ತನಾಲ್ಕು. ಪುಸ್ತಕದಲ್ಲಿ ಬರೆದೆ: ‘ಎಡಗಣ್ಣು ಬಿಳಿ, ಮುಳ್ಳು.’

ಎರಡನೇ ದಿನ ಶಸ್ತ್ರಚಿಕಿತ್ಸೆ ಶುರುವಾಯಿತು. ನನ್ನನ್ನು ಹಿಂದಿನ ಕೋಣೆಯಲ್ಲಿ ಹೊಸಬರ ಅಳತೆಗೆ ಕೂರಿಸಿದರು. ಸಂಖ್ಯೆ ಕರೆದು ಒಳಗೆ ಕಳಿಸುವ ಕೆಲಸ ಬಾರಾಕ ಮೇಷ್ಟ್ರದ್ದು. ನನಗೆ ಅದು ಹಿಡಿಸಲಿಲ್ಲ. ಆದರೆ ಗಂಟಿನ ಮೇಲೆ ನಂಬಿಕೆ ಇತ್ತು. ನಾನು ನಂಬಿದ್ದು ಅದೊಂದನ್ನೇ.

ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಥಿಯೇಟರಿಗೆ ಜನರೇಟರ್ ಇತ್ತು, ನನ್ನ ಯಂತ್ರಕ್ಕೆ ಇರಲಿಲ್ಲ. ಎದ್ದು ಥಿಯೇಟರ್ ಕಡೆ ಬಂದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಮುಂದಿನ ರೋಗಿ ಕೂತಿದ್ದಳು. ಬ್ಲಾಕ್ ಕೊಟ್ಟಾಗಿತ್ತು, ಅಂದರೆ ಕಣ್ಣು ಮರಗಟ್ಟಿಸುವ ಚುಚ್ಚುಮದ್ದು. ಬಲಗಣ್ಣಿನ ಮೇಲೆ ಹತ್ತಿ. ನಾನು ಬಂದದ್ದು ಅವಳ ಬೆನ್ನ ಕಡೆಯಿಂದ. ಮೊದಲು ಕಂಡದ್ದು ಹೆಡಕು. ಹೆಡಕಿನಲ್ಲಿ ಗಂಟು.

ಅದು ನನ್ನ ಗಂಟಲ್ಲ. ದನ ಕಟ್ಟುವ ಹಾಗೆ ಎರಡು ಮುರಿ ಹಾಕಿ ಬಿಟ್ಟ ಗಂಟು. ದಾರದ ತುದಿಯಲ್ಲಿ ಹಲ್ಲಿನಿಂದ ಕಚ್ಚಿ ಹರಿದ ಗುರುತು.

ಮುಂದೆ ಬಂದು ಚೀಟಿ ನೋಡಿದೆ. ಹದಿನೇಳು. ನೀಮಾ. ಬಲಗಣ್ಣು. ಪವರ್ ಹದಿನೆಂಟು. ಮುಖ ನೋಡಿದೆ. ಎಡಗಣ್ಣು ಬಿಳಿ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೆ, ‘ಇವರ ಹೆಸರು ಕೇಳಿದಿರಾ?’ ಎಂದೆ.

‘ಕೇಳಿದೆ. ನೀಮಾ ಅಲ್ಲವೇ ಎಂದೆ. ಹೌದು ಎಂದರು.’

ಮೂವತ್ತನಾಲ್ಕು ವರ್ಷದ ಹಿಂದಿನ ‘ಹೂಂ’ ಸಮುದ್ರ ದಾಟಿ ಬಂದು ನನ್ನ ಮುಂದೆ ಕೂತಿತ್ತು.

‘ಹಾಗಲ್ಲ. ನಿಮ್ಮ ಹೆಸರೇನು ಎಂದು ಕೇಳಿ.’

ಕೇಳಿದರು. ಅಜ್ಜಿ ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ, ‘ಮರಿಯಾಮು’ ಎಂದಳು.

ಥಿಯೇಟರ್ ಬಾಗಿಲು ತಟ್ಟಿ ಡಾಕ್ಟರನ್ನು ಕರೆದೆ. ಒಳಗೆ ಹದಿನೆಂಟು ಪವರಿನ ಲೆನ್ಸಿನ ಡಬ್ಬಿ ಆಗಲೇ ಮೇಜಿನ ಮೇಲಿತ್ತು. ಆ ಲೆನ್ಸ್ ಕೂತಿದ್ದರೆ ಅಜ್ಜಿಗೆ ದೂರವೂ ಮಸುಕು, ಹತ್ತಿರ ಇನ್ನೂ ಮಸುಕು. ಇರುವುದೊಂದು ಕಣ್ಣನ್ನು ಎರಡನೇ ಸಲ ಕೊಯ್ಯುವ ಧೈರ್ಯ ಯಾವ ಡಾಕ್ಟರಿಗೂ ಸುಲಭವಾಗಿ ಬರುವುದಿಲ್ಲ.

ಡಾಕ್ಟರು ಬರುವ ಮೊದಲೇ ನಾನು ಮೇಷ್ಟ್ರ ಮೇಲೆ ಬಿದ್ದಿದ್ದೆ. ನನ್ನ ಇಂಗ್ಲಿಷು ಸರ್ಕಾರಿ ಪತ್ರವ್ಯವಹಾರದ್ದು, ಸಿಟ್ಟಿಗೆ ಒಗ್ಗುವುದಿಲ್ಲ. ಆದರೂ ಹೇಳಬೇಕಾದದ್ದು ಹೇಳಿದೆ: ನೀವು ನಿನ್ನೆಯಿಂದ ಪಿಸುಗುಡುತ್ತಿದ್ದೀರಿ, ಚೀಟಿ ಬಿಚ್ಚಿಸಿ ನಿಮ್ಮ ಕಡೆಯವರನ್ನು ಮುಂದೆ ಬಿಡುತ್ತಿದ್ದೀರಿ.

ಅವರು ಸಿಟ್ಟಾಗಲಿಲ್ಲ. ಅಂಗಿಯ ತೋಳು ಸರಿಮಾಡಿಕೊಂಡರು.

‘ನನ್ನ ಕಡೆಯವರೇ. ಇಲ್ಲಿ ಕೂತಿರುವವರೆಲ್ಲ ನನ್ನ ಕಡೆಯವರೇ. ಇವರು ದೊಡ್ಡವರು. ನೀಮಾ ಚಿಕ್ಕವಳು. ಹಿರಿಯಳು ಕಾಯುತ್ತಾ ಕೂತಿರುವಾಗ ಚಿಕ್ಕವಳು ಮೊದಲು ಎದ್ದು ಹೋದರೆ ಅವಳನ್ನು ಯಾರು ಮನುಷ್ಯಳು ಎನ್ನುತ್ತಾರೆ? ಅದಕ್ಕೆ ತನ್ನ ಚೀಟಿ ಕೊಟ್ಟಳು. ನಾನು ನೋಡಿದೆ. ಒಳ್ಳೆಯ ನಡತೆ ಎಂದುಕೊಂಡೆ. ನೀಮಾ ಅಲ್ಲವೇ ಎಂದದ್ದು ಸರದಿಯ ಲೆಕ್ಕಕ್ಕೆ ಮಾತ್ರ.’

‘ಆ ಚೀಟಿಯಲ್ಲಿ ಕಣ್ಣಿನ ಅಳತೆ ಇದೆ!’

‘ಅದರ ಮೇಲೆ ದೊಡ್ಡದಾಗಿ ನಂಬರ್ ಇದೆ’ ಎಂದರು ಮೇಷ್ಟ್ರು. ‘ನಂಬರ್ ಎಂದರೆ ಸರದಿ. ಬೇರೆ ಏನಾದರೂ ಎಂದು ನೀವು ಹೇಳಲಿಲ್ಲ. ಗಂಟು ಮಾತ್ರ ಬಹಳ ಗಟ್ಟಿಯಾಗಿ ಹಾಕಿದ್ದಿರಿ. ಪಾಪ, ಅವಳು ಹಲ್ಲಿನಿಂದ ಕಚ್ಚಬೇಕಾಯಿತು.’

ಒಳಗಿನಿಂದ ಶಾಹಿನಾ ದನಿ ಬಂತು: ‘ಮೂರ್ತಿ ಸಾ, ನೀವು ಬಸ್ಸಿನಾಗೆ ಟವೆಲ್ ಹಾಕಿ ಸೀಟ್ ಹಿಡಿದಿರ್ತೀರಿ. ಅಜ್ಜಿ ಹತ್ತಿದ್ರೆ ಟವೆಲ್ ತಗಂಡು, ಕುಂತ್ಕಳ್ರಿ ಅಜ್ಜಿ ಅನ್ನಲ್ವಾ? ಅಷ್ಟೇ ಇದು. ಮೇಷ್ಟ್ರನ್ನ ಯಾಕೆ ಬೈತೀರಿ?’

ಡಾಕ್ಟರು ಹೊರಗೆ ಬಂದರು. ಒಂದು ನಿಮಿಷದಲ್ಲಿ ವಿಷಯ ಹಿಡಿದರು.

‘ಬ್ಲಾಕ್ ಕೊಟ್ಟಾಗೈತೆ ಮೂರ್ತಿಯವ್ರೆ. ಈ ಕಣ್ಣನ್ನ ಈಗ ಮತ್ತೆ ಅಳೆಯಾಕಾಗಲ್ಲ. ನಾಳೆಗೆ ಹಾಕಾಣಾ?’

‘ಅಳತೆ ಐತೆ ಡಾಕ್ಟ್ರೆ’ ಎಂದು ಟಿಪ್ಪಣಿ ಪುಸ್ತಕ ತೆಗೆದೆ. ಮರಿಯಾಮು ಎಂಬ ಹೆಸರಿನವರು ಇಬ್ಬರಿದ್ದರು, ಇಲ್ಲಿಯೂ ತಿಪ್ಪೇಸ್ವಾಮಿಗಳು. ಇಬ್ಬರಿಗೂ ಬಲಗಣ್ಣೇ. ಆದರೆ ‘ಎಡಗಣ್ಣು ಬಿಳಿ, ಮುಳ್ಳು’ ಒಬ್ಬಳ ಮುಂದೆ ಮಾತ್ರ ಇತ್ತು. ಇಪ್ಪತ್ತನಾಲ್ಕು. ಡಾಕ್ಟರು ಆ ಸಾಲನ್ನು ತಾವೇ ಎರಡು ಸಲ ಓದಿ, ತಂದೆಯ ಹೆಸರನ್ನೂ ಕೇಳಿ ತಾಳೆ ನೋಡಿ, ಹದಿನೆಂಟರ ಡಬ್ಬಿ ವಾಪಸಿಟ್ಟು ಇಪ್ಪತ್ತನಾಲ್ಕರದ್ದು ತೆಗೆಸಿದರು. ಒಳಗೆ ಹೋಗುವ ಮುನ್ನ ತಿರುಗಿ ಒಂದು ಮಾತು ಕೇಳಿದರು.

‘ಬೆಳಿಗ್ಗೆಯಿಂದ ಆಗಿರೋ ಹದಿನಾರು?’

ಪುಸ್ತಕ ಹಿಡಿದು ಪಡಸಾಲೆಗೆ ಓಡಿದೆ.

ಶಸ್ತ್ರಚಿಕಿತ್ಸೆ ಆದವರನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದ್ದರು, ಎಲ್ಲರ ಒಂದು ಕಣ್ಣಿಗೆ ಬಿಳಿ ಪಟ್ಟಿ. ನಾನು ಅವರ ಬೆನ್ನ ಹಿಂದೆ ನಡೆಯುತ್ತಾ ಒಂದೊಂದೇ ಹೆಡಕು ನೋಡಿದೆ. ನನ್ನ ಗಂಟು. ನನ್ನ ಗಂಟು. ನನ್ನ ಗಂಟು. ಒಂಬತ್ತನೇ ಹೆಡಕು, ದನ ಕಟ್ಟುವ ಗಂಟು. ಚೀಟಿಯ ಮೇಲಿನ ಹೆಸರು ಪೆಟ್ರೊ. ಕೂತಿದ್ದವನು ಯೋಹಾನಾ; ನಮ್ಮೂರಿನ ಕುರುಡರು ಮುಗಿದರೇ ಎಂದು ಕೇಳಿದವನು. ಪುಸ್ತಕದಲ್ಲಿ ಅವನಿಗೆ ಇಪ್ಪತ್ತು ಎಂದಿತ್ತು. ಕಣ್ಣಿಗೆ ಹೋದದ್ದು ಇಪ್ಪತ್ತೊಂದೂವರೆ. ಉಳಿದ ಹದಿನೈದೂ ಸರಿ.

ಪಡಸಾಲೆಯ ಮೆಟ್ಟಿಲ ಮೇಲೆ ಕೂತೆ. ಒಂದೂವರೆ ದೊಡ್ಡ ವ್ಯತ್ಯಾಸವಲ್ಲ. ಹತ್ತಿರದ್ದು ಚೆನ್ನಾಗಿಯೇ ಕಾಣುತ್ತದೆ, ದೂರದ್ದು ಸ್ವಲ್ಪ ಮಬ್ಬು. ಎಲ್ಲ ಸರಿಯಾಗಿ ಮಾಡಿದಾಗಲೂ ಇಷ್ಟು ವ್ಯತ್ಯಾಸ ಬಂದದ್ದುಂಟು. ಪೊರೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಮುದುಕನಿಗೆ ಇದೇ ಸ್ವರ್ಗ ಎನ್ನಿಸುತ್ತದೆ. ಪುಸ್ತಕ ನನ್ನ ಜೇಬಿನಲ್ಲಿತ್ತು. ‘ಹದಿನಾರೂ ಸರಿ ಇವೆ ಡಾಕ್ಟ್ರೆ’ ಎಂದು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನು ಅನುಮಾನಿಸುವವರು ಅಲ್ಲಿ ಯಾರೂ ಇರಲಿಲ್ಲ. ಜನ್ಮವಿಡೀ ಅನುಮಾನಪಟ್ಟವನಿಗೆ ಇರುವ ಒಂದು ದೊಡ್ಡ ಸೌಲಭ್ಯ ಅದು: ಅವನನ್ನು ಎಲ್ಲರೂ ನಂಬಿಬಿಡುತ್ತಾರೆ.

ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಲೆಕ್ಕ ಇಡಲಿಲ್ಲ. ಬಾರಾಕ ಮೇಷ್ಟ್ರು ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟು ಹೋದರು. ಅರ್ಧ ಗಂಟೆ ಹಿಂದೆ ಅವರನ್ನೇ ನಾನು ಕಳ್ಳನಂತೆ ಬೈದಿದ್ದೆ. ಆ ಟೀ ಕುಡಿಯಲಾಗಲಿಲ್ಲ. ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ.

ಮರಿಯಾಮುವಿನ ಶಸ್ತ್ರಚಿಕಿತ್ಸೆ ಮುಗಿಸಿ ಕೈಗವಸು ತೆಗೆಯುತ್ತಿದ್ದರು. ‘ಎಷ್ಟು?’ ಎಂದರು. ‘ಒಂದೂವರೆ.’ ಕೈಗವಸನ್ನು ಬುಟ್ಟಿಗೆ ಹಾಕಿದರು. ‘ಬೆಳಿಗ್ಗೆ ಪಟ್ಟಿ ಬಿಚ್ಚಿದ ಕೂಡ್ಲೆ ನಾನೇ ಹೇಳ್ತೀನಿ. ನೀವು ಪಕ್ಕದಾಗಿರ್ರಿ. ಈಗ ಮೊದ್ಲು ಹೊರಗಿರೋರ ಚೀಟಿ ಸರಿ ಮಾಡ್ರಿ.’

ಬಾರಾಕ ಮೇಷ್ಟ್ರು ಬೆಂಚಿನ ಮೇಲೆ ಹತ್ತಿ ನಿಂತು ಅಂಗಳಕ್ಕೆಲ್ಲ ಕೇಳುವಂತೆ ಮಾತಾಡಿದರು. ಇದು ಸರದಿಯಲ್ಲ, ಇದು ನಿಮ್ಮ ಕಣ್ಣು. ಬೇರೆಯವರ ಕಣ್ಣನ್ನು ಯಾರಾದರೂ ಎರವಲು ಪಡೆಯುತ್ತಾರೆಯೇ ಎಂದರಂತೆ. ಜನ ಬಿದ್ದು ಬಿದ್ದು ನಕ್ಕರು. ಕಾಯುತ್ತಿದ್ದವರಲ್ಲಿ ಏಳು ಚೀಟಿ ಬೇರೆ ಕೊರಳಲ್ಲಿದ್ದವು; ಏಳೂ ತಮ್ಮ ತಮ್ಮ ಮನೆ ಸೇರಿದವು. ಆಮೇಲೆ ಡಾಕ್ಟರು ಇನ್ನೊಂದು ತೀರ್ಮಾನ ಮಾಡಿದರು: ನಂಬರ್ ಪ್ರಕಾರ ಕರೆಯುವುದೇ ಬೇಡ, ವಯಸ್ಸಿನ ಪ್ರಕಾರ ಕರೆಯಿರಿ. ಅಂಗಳದಲ್ಲಿ ಅದಕ್ಕೆ ಸಿಕ್ಕ ಒಪ್ಪಿಗೆ ನಮ್ಮ ಲೆನ್ಸಿಗೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದೆವು. ಮೊದಲು ಮರಿಯಾಮು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಸೊಸೆಯ ಕಡೆ ಕೈ ಚಾಚಿದಳು. ಸೊಸೆ ಸೆರಗಿನಂಥ ಬಟ್ಟೆಯ ಗಂಟಿನಿಂದ ಒಂದು ಹಿಡಿ ಶೇಂಗಾ ಬೀಜ ತೆಗೆದು ಅವಳ ಅಂಗೈಗೆ ಸುರಿದಳು. ಅಜ್ಜಿ ಅಂಗೈಯನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸಿ, ಒಂದು ಸುಕ್ಕುಗಟ್ಟಿದ ಬೀಜವನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ, ಪರಿಶೀಲಿಸಿ, ನನ್ನ ಕೈಗೆ ಕೊಟ್ಟಳು. ಕೆಟ್ಟ ಬೀಜವೇ. ನಾನೂ ಶೇಂಗಾ ಸೀಮೆಯವನು, ನನಗೆ ಗೊತ್ತು.

ಆಮೇಲೆ ಯೋಹಾನಾ. ಡಾಕ್ಟರು ಒಂದೊಂದೇ ವಾಕ್ಯ ಹೇಳಿದರು, ಮೇಷ್ಟ್ರು ಒಂದೊಂದನ್ನೇ ಅನುವಾದಿಸಿದರು. ಚೀಟಿ ಅದಲುಬದಲಾಯಿತು, ನಿಮಗೆ ಕೂರಬೇಕಿದ್ದುದು ಇದಲ್ಲ, ದೂರದ್ದಕ್ಕೆ ಕನ್ನಡಕ ಬೇಕಾಗುತ್ತದೆ, ತಪ್ಪು ನಮ್ಮದು. ಮುದುಕ ಕೊನೆಯವರೆಗೂ ಅಲುಗಾಡಲಿಲ್ಲ. ನಂತರ, ‘ಕಂಡುಹಿಡಿದವರು ಯಾರು?’ ಎಂದ.

ನಾನು ಕೈಯೆತ್ತಿದೆ.

‘ನೀನಾಗಿ ಹೇಳಿದೆಯೋ, ಅವರು ನಿನ್ನನ್ನು ಹಿಡಿದರೋ?’

‘ನಾನಾಗಿ.’

‘ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತೇ?’

ಮೇಷ್ಟ್ರು ನನ್ನ ಕಡೆ ನೋಡಿದರು. ‘ಇಲ್ಲ’ ಎಂದೆ.

ನಮ್ಮ ಪೆಟ್ಟಿಗೆಯಲ್ಲಿ ಸಿದ್ಧ ಕನ್ನಡಕಗಳಿದ್ದವು. ಮೈನಸ್ ಒಂದರದ್ದು ತೆಗೆದು ಹಾಕಿದೆ. ಮುದುಕ ಎದುರಿನ ಬಂಡೆ ನೋಡಿದ, ಅದರ ಮೇಲೆ ನಿಂತಿದ್ದ ಯಾರದೋ ಆಡು ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ. ಕೊನೆಗೆ ನನ್ನನ್ನು ಮೇಲಿನಿಂದ ಕೆಳಗೆ, ಪೊಲೀಸಿನವನು ನೋಡುವ ಹಾಗೆ ನೋಡಿ, ‘ನಾಳೆ ನನ್ನ ಕಣ್ಣಿಗೆ ಹನಿ ಹಾಕಲು ಇವನೇ ಬರಲಿ. ಬೇರೆಯವರು ಬೇಡ’ ಎಂದ.

ಉಳಿದ ದಿನಗಳಲ್ಲಿ ಬೆಳಿಗ್ಗೆ ಸಂಜೆ ನಾನೇ ಹನಿ ಹಾಕಿದೆ. ಹೊರಡುವ ದಿನ ಅವನು ಹಳೆಯ ಪ್ರಶ್ನೆಯನ್ನು ಮರೆಯದೆ ಮತ್ತೆ ಕೇಳಿದ. ‘ಮುಗಿದಿಲ್ಲ, ಇನ್ನೂ ಇದ್ದಾರೆ’ ಎಂದೆ. ‘ಹಾಗಾದರೆ ಇಲ್ಲೇಕೆ ನಿಂತಿದ್ದೀಯ? ಹೋಗು, ಅವರನ್ನೂ ನೋಡು’ ಎಂದು ಕಳಿಸಿಕೊಟ್ಟ.

ಬಾರಾಕ ಮೇಷ್ಟ್ರಲ್ಲಿ ಕ್ಷಮೆ ಕೇಳಿದೆ. ಸರ್ಕಾರಿ ಇಂಗ್ಲಿಷಿನಲ್ಲಿ ಅದು ಬಹಳ ಉದ್ದವಾಯಿತು. ಅವರು ಪೂರ್ತಿ ಕೇಳಿಸಿಕೊಂಡು, ‘ಆ ಗಂಟು ಹಾಕುವುದು ಹೇಗೆಂದು ತೋರಿಸಿಕೊಡಿ’ ಎಂದರು. ನಮ್ಮ ತಾಯಿಯ ಸೇವಂತಿಗೆ ಕುಣಿಕೆ ಈಗ ಡೊಡೊಮಾ ಕಡೆಯ ಒಂದು ಶಾಲೆಯಲ್ಲಿ ಚಾಲ್ತಿಯಲ್ಲಿದ್ದರೂ ಇರಬಹುದು. ಅವರ ಪಿಸುಮಾತು ಏನೆಂದು ಆಮೇಲೆ ತಿಳಿಯಿತು: ‘ಹೆದರಬೇಡಿ, ನೋಯುವುದಿಲ್ಲ.’

ಮೂವತ್ತನಾಲ್ಕು ವರ್ಷ ನಾನು ಜನರ ಹೆಸರನ್ನು, ಉತ್ತರವನ್ನು, ನೆನಪನ್ನು ಅನುಮಾನಿಸಿದೆ. ಚೀಟಿ ಕೊರಳು ಬಿಡದಂತೆ ಕಟ್ಟುವುದನ್ನು ಕಲಿತೆ. ಅದನ್ನು ಏಕೆ ಬಿಡಬಾರದು ಎಂದು ಕೊರಳಿನ ಯಜಮಾನರಿಗೆ ಒಂದು ದಿನವೂ ಹೇಳಲಿಲ್ಲ. ನಮ್ಮ ಶಿಬಿರಗಳಲ್ಲಿ ಯಾವತ್ತೂ ಅದಲುಬದಲಾಗಿಲ್ಲ ಎಂದುಕೊಂಡಿದ್ದೆ. ಈಗ ಅದರ ಮೇಲೂ ಅನುಮಾನವಿದೆ.

ಯೋಹಾನಾನ ಅಪ್ಪಣೆಯಂತೆ ಮರಳಿ ಬಂದ ಮೇಲೆ ಡಾಕ್ಟರ ಜೊತೆ ತಿಂಗಳಿಗೊಂದು ಶಿಬಿರಕ್ಕೆ ಹೋಗುತ್ತೇನೆ. ಮೊದಲನೆಯದು ಹೊಳಲ್ಕೆರೆಯಲ್ಲಿ ನಡೆಯಿತು. ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದ ಒಬ್ಬ ಅಜ್ಜಿಗೆ ಚೀಟಿ ಕಟ್ಟುವ ಮುನ್ನ ಹೇಳಿದೆ: ‘ಅಜ್ಜಿ, ಇದು ಪಾಳಿ ನಂಬರಲ್ಲ. ನಿಮ್ಮ ಕಣ್ಣಿನ ಅಳತೆ. ನಿಮಗಿಂತ ದೊಡ್ಡೋರು ಬಂದ್ರೂ ಕೊಡಬ್ಯಾಡ್ರಿ, ನಿಮ್ಮ ತಂಗಿ ಕೇಳಿದ್ರೂ ಕೊಡಬ್ಯಾಡ್ರಿ. ಬೇಕಾದ್ರೆ ಅವ್ರನ್ನ ಮೊದ್ಲು ಒಳಗೆ ಬಿಡ್ರಿ, ಚೀಟಿ ಮಾತ್ರ ನಿಮ್ಮ ಕೊಳ್ಳಾಗೇ ಇರಲಿ.’

ಅಜ್ಜಿ ನನ್ನನ್ನು ಓರೆಗಣ್ಣಿನಲ್ಲಿ ಅಳೆದಳು.

‘ಅದೆಲ್ಲ ಸರಿ. ನಿನ್ನ ಹೆಸ್ರೇನಪ್ಪಾ?’

‘ಗುರುಮೂರ್ತಿ.’

‘ನಿಮ್ಮಪ್ಪನ ಹೆಸ್ರು?’

ಹೇಳಿದೆ.

‘ಯಾವ ಕಣ್ಣಿಗೆ ಮಾಡ್ತೀರಿ? ಬೊಟ್ಟಿಟ್ಟು ತೋರ್ಸು.’

ಬಾಗಿ, ಅವಳ ಎಡಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ತನ್ನ ಬೆರಳನ್ನೂ ಅಲ್ಲಿಗೆ ತಂದು ತಾಳೆ ನೋಡಿ, ‘ಹೂಂ, ಈಗ ಕಟ್ಟು’ ಎಂದು ತಲೆ ಬಗ್ಗಿಸಿದಳು.

ನಾನು ಅನುಮಾನಿಸದೆ ಒಪ್ಪಿಕೊಂಡ ಮೊದಲ ಹೂಂ ಅದು.